ಎರಡು ಸೀಟು, ನಾಲ್ಕು ಡಿಸ್ಕು

ಮಾಜ್ದಾದವರು 1989ರಲ್ಲಿ ಬಿಟ್ಟ ಮಿಯಾಟಾ ಕಾರಿಗೆ ಇರೋದೇ ಎರಡು ಸೀಟು. ನೆಂಟರಿಗೆ ಜಾಗವಿಲ್ಲ ಅನ್ನೋದೇ ಅದರ ದೊಡ್ಡ ಗುಣ ಅಂತ ನ್ಯೂಜೆರ್ಸಿಯಲ್ಲಿರುವ ನಮ್ಮ ಭಾವಮೈದನ ಅಂಬೋಣ. ಆ ಊರಲ್ಲಿ ಮೆಕ್ಯಾನಿಕ್ ಕೂಲಿ ಕೇಳಿದರೆ ಕಾರಿಗಿಂತ ಮೊದಲು ಎದೆ ನಿಲ್ಲುತ್ತದೆ. ಅದಕ್ಕೇ ತನ್ನ ಮಿಯಾಟಾದ ಬ್ರೇಕಿಗೆ ಹೊಸ ಡಿಸ್ಕು, ಪ್ಯಾಡು ತರಿಸಿ, ಬದಲಿಸಲು ಮನೆ ಮುಂದೆ ತಾನೇ ಕೂತ.

ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿದ್ದಾಗಲೇ ಸಡಿಲಿಸಬೇಕು. ಎತ್ತಿದ ಮೇಲೆ ತಿರುಗಿಸಿದರೆ ಚಕ್ರವೂ ಜೊತೆಗೇ ತಿರುಗುತ್ತದೆ. ಬರೀ ಜ್ಯಾಕ್ ನಂಬದೆ ಸ್ಟ್ಯಾಂಡ್ ಕೊಡಬೇಕು. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರನ್ನು ಬಿಚ್ಚಿದ ಮೇಲೆ ತಂತಿಯಲ್ಲಿ ಕಟ್ಟಬೇಕು, ಬ್ರೇಕ್ ಹೋಸ್‌ನಲ್ಲಿ ನೇತಾಡಿಸಬಾರದು. ಇಷ್ಟೆಲ್ಲ ಸಲೀಸು. ಹಳೇ ಡಿಸ್ಕು ಮಾತ್ರ ತುಕ್ಕು ಹಿಡಿದು, ಮನೆ ಬಿಡದ ಬಾಡಿಗೆದಾರನ ಹಾಗೆ ಹಬ್ಬನ್ನು ಕಚ್ಚಿ ಕೂತಿತ್ತು. ಎಣ್ಣೆ ಸಿಂಪಡಿಸಿದ್ದಾಯಿತು, ಸುತ್ತಿಗೆ ಬಿತ್ತು, ಕೆಂಪು ಪುಡಿ ಉದುರಿತು.

“ರೀ, ಪಕ್ಕದ ಮನೆಯವರು ಪೊಲೀಸಿಗೆ ಫೋನ್ ಮಾಡ್ತಾರೆ ನೋಡಿ!”

ಹಿಂದಿನ ಬ್ರೇಕಿನದು ಬೇರೆಯೇ ಕುಚೋದ್ಯ. ಹೊಸ ಪ್ಯಾಡಿಗೆ ಜಾಗ ಮಾಡಲು ಮುಂದಿನ ಕ್ಯಾಲಿಪರ್ ಪಿಸ್ಟನ್ ಒತ್ತಿದರೆ ಒಳಗೆ ಹೋಗುತ್ತದೆ. ಹಿಂದಿನದಕ್ಕೆ ಹ್ಯಾಂಡ್‌ಬ್ರೇಕ್ ಕೆಲಸವೂ ಗಂಟುಬಿದ್ದಿರುವುದರಿಂದ ಅದು ಒತ್ತಡಕ್ಕೆ ಬಗ್ಗೋದಿಲ್ಲ. ಮೊದಲ ತಲೆಮಾರಿನ ಮಿಯಾಟಾದಲ್ಲಿ ಕ್ಯಾಲಿಪರ್ ಬೆನ್ನಿನ ಬೋಲ್ಟ್ ತೆಗೆದು, ಒಳಗಿನ ಸ್ಕ್ರೂವನ್ನು ಅಲೆನ್ ಕೀಲಿಯಿಂದ ತಿರುಗಿಸಬೇಕು. ತಿಳಿಯದವರು ಕ್ಲ್ಯಾಂಪ್ ಹಾಕಿ ಬೆವರು ಹರಿಸುತ್ತಾರೆ.

ಎಲ್ಲ ಜೋಡಿಸಿ, ಗಟ್ಟಿಯಾಗುವ ತನಕ ಪೆಡಲ್ ತುಳಿದ. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಖಾಲಿ ರಸ್ತೆಯಲ್ಲಿ ಮತ್ತೆ ಮತ್ತೆ ವೇಗ ಇಳಿಸಬೇಕಲ್ಲ? ಹೆಂಡತಿ ಸೀರೆ ಸರಿಮಾಡಿಕೊಂಡು ಪಕ್ಕದ ಸೀಟಿನಲ್ಲಿ ಕೂತಳು.

“ಎಲ್ಲಿಗೆ ಹೋಗೋದು?”

“ಎಲ್ಲಿಗೂ ಇಲ್ಲ ಕಣೇ, ನಿಲ್ಲಿಸೋಕೆ.”