ದೊಡ್ಡಪ್ಪನ ಫೋನಿನಾಗ ಜಾಗ ಇಲ್ಲ

(ಸಂತೆಕಲ್ಲೂರು. ಅಮರಪ್ಪನ ಮನೆಯ ಕಟ್ಟೆ. ಬೆಂಗಳೂರಿಗೆ ದುಡಿಯಲು ಹೋದ ಮಗ ತನ್ನ ಹಳೆಯ ಸ್ಮಾರ್ಟ್‌ಫೋನನ್ನು ಅಪ್ಪನಿಗೆ ಕೊಟ್ಟಿದ್ದಾನೆ. ತಮ್ಮನ ಮಗ ಮೌನೇಶ ಅದರಲ್ಲಿ ಆ್ಯಪ್ ತುಂಬುತ್ತಿದ್ದಾನೆ. ಒಳಗೆ ಶಾಂತವ್ವ ರೊಟ್ಟಿ ಬಡಿಯುವ ಸದ್ದು.)

ಮೌನೇಶ: ದೊಡ್ಡಪ್ಪ, ಸ್ವಲ್ಪ ನಗು. ಫೋಟೋ ಹೊಡಿತೀನಿ.

ಅಮರಪ್ಪ: ಮಳಿ ಹೋಗಿ ಕುಂತೈತಿ, ಏನ್ ನಗೂದಲೇ? ಹಂಗ ಹೊಡಿ.

ಮೌನೇಶ: ಹೊಡದೆ. ಫಿಲ್ಟರ್ ಹಾಕೀನಿ, ನೋಡು.

ಅಮರಪ್ಪ: ಯಾರಲೇ ಇಂವ? ಮೀಸಿ ನಂದು, ಮಾರಿ ಯಾರದೋ!

ಶಾಂತವ್ವ (ಹಿಟ್ಟಿನ ಕೈಯಲ್ಲೇ ಬಂದು ಇಣುಕಿ): ಭಾಳ ಚಂದ ಅದಾನಲ್ಲ! ನಮ್ಮಪ್ಪ ಗಂಡು ಹುಡುಕುವಾಗ ಇಂವ ಎಲ್ಲಿ ಹೋಗಿದ್ದ?

ಮೌನೇಶ: ಇನ್‌ಸ್ಟಾಗ್ರಾಮ್ ಸ್ಟೋರಿಗೆ ಹಾಕ್ತೀನಿ ದೊಡ್ಡವ್ವ. ಎಲ್ಲಾರೂ ನೋಡ್ತಾರ. 24 ತಾಸಿಗೆ ತಾನ ಹೋಗಿಬಿಡ್ತೈತಿ.

ಅಮರಪ್ಪ: ಒಂದ ದಿನಕ್ಕ ಹೋಗೂದಾದ್ರ ಯಾಕ ಹಾಕ್ಬೇಕು? ಮಸ್ಕಿ ಗುಡ್ಡದಾಗ ಅಶೋಕ ಕಲ್ಲಿನ ಮ್ಯಾಲೆ ಹಾಕ್ಯಾನ ನೋಡು. ಎರಡು ಸಾವಿರ ವರ್ಷ ದಾಟಿದ್ರೂ ಹಂಗ ಐತಿ.

ಮೌನೇಶ: ಐತಿ ಖರೆ. ಹೊರಗಿನ ಮಂದಿಗೆ ಗೊತ್ತಾಗಿದ್ದು ಯಾವಾಗ? 1915ರಾಗ, ಚಿನ್ನದ ಗಣಿ ಎಂಜಿನಿಯರ್ ಬೀಡನ್ ಸಾಹೇಬ ಕಂಡ ಮ್ಯಾಲೆ. ಅಲ್ಲೀತನ ಒಂದ ಲೈಕ್ ಬಿದ್ದಿದ್ದಿಲ್ಲ.

ಅಮರಪ್ಪ: ಲೈಕ್ ಬೀಳಲಿಲ್ಲಂತ ಅಂವ ಅಳಿಸಿದ್ನೇನು? ಅಲ್ಲೀತನ ಸಿಕ್ಕ ಶಾಸನದಾಗ ಬರೇ 'ದೇವಾನಾಂಪ್ರಿಯ' ಅಂತ ಇತ್ತಂತ. ಮಸ್ಕಿ ಶಾಸನದಾಗ ಅಶೋಕ ಅನ್ನೂ ಹೆಸರ ಸಿಕ್ತು. ಆ ದೇವಾನಾಂಪ್ರಿಯ ಇಂವ ಅಂತ ಆಮ್ಯಾಲೆ ಗಟ್ಟಿ ಆತು.

ಮೌನೇಶ: ಅಂದ್ರ ಅಶೋಕಗ ನೀಲಿ ಟಿಕ್ ಕೊಟ್ಟಿದ್ದು ನಮ್ಮ ಮಸ್ಕಿ ಅನ್ನು!

ಅಮರಪ್ಪ: ಅದಿರ್ಲಿ, ಹಾಡು ಹಚ್ಚು. ನಮ್ಮ ಜಿಲ್ಲಾದ ಸಿದ್ಧರಾಮ ಜಂಬಲದಿನ್ನಿಯವರು ಹಾಡಿದ ವಚನ.

ಮೌನೇಶ: ಬಾಯಿಲೆ ಹೇಳು, ಅದ ಹುಡುಕ್ತೈತಿ.

ಅಮರಪ್ಪ (ಫೋನಿಗೆ ಬಾಯಿ ಹಚ್ಚಿ, ದನ ಕರೆಯುವ ದನಿಯಲ್ಲಿ): ಜಂಬಲದಿನ್ನೀ!

(ಫೋನಿನಿಂದ ಡಿಜೆ ಅಬ್ಬರ. ಕಟ್ಟೆಯ ಕೆಳಗೆ ಮಲಗಿದ್ದ ಕರು ಎದ್ದು ನಿಲ್ಲುತ್ತದೆ.)

ಅಮರಪ್ಪ: ಇದು ಯಾವ ಶರಣರ ವಚನಲೇ?

ಮೌನೇಶ: ಹಂಗ ಒದರಿದ್ರ ಅದಕ್ಕ ತಿಳಿಯಂಗಿಲ್ಲ. ತಾ, ಟೈಪ್ ಮಾಡ್ತೀನಿ... ಹಾಂ, ಬಂತು.

(ವಚನ ಶುರುವಾಗುತ್ತದೆ. ಅಮರಪ್ಪ ಕಣ್ಣು ಮುಚ್ಚುತ್ತಾನೆ. ಅದು ಮುಗಿದದ್ದೇ ತಡ, ಐದು ನಿಮಿಷದಲ್ಲಿ ಸಾಲ ಕೊಡುತ್ತೇವೆಂದು ಒಬ್ಬಳು ಕೂಗುತ್ತಾಳೆ.)

ಅಮರಪ್ಪ: ಏ! ಶರಣರ ಬೆನ್ನ ಹಿಂದ ಸಾಲಗಾರರು ಹೆಂಗ ಬಂದ್ರು?

ಮೌನೇಶ: ಜಾಹೀರಾತು ದೊಡ್ಡಪ್ಪ. ತಿಂಗಳಾ ರೊಕ್ಕ ಕಟ್ಟಿದ್ರ ಬಾಯಿ ಮುಚ್ಚತೈತಿ.

ಅಮರಪ್ಪ: ಬಾಯಿ ಮುಚ್ಚಾಕ ರೊಕ್ಕ?

ಶಾಂತವ್ವ: ಮೌನೇಶ, ಈ ಸೌಲತ್ತು ಮನಷ್ಯಾರಿಗೂ ಐತೇನು ಕೇಳು. ನಿಮ್ಮ ದೊಡ್ಡಪ್ಪಂದು ವರ್ಷದ್ದ ಒಮ್ಮೆಲೆ ಕಟ್ಟಿಬಿಡ್ತೀನಿ.

(ಫೋನು 'ಟಿಣ್' ಎನ್ನುತ್ತದೆ.)

ಮೌನೇಶ: ಇದು ದಿನದ ಕೆಲಸ ನೆನಪ ಮಾಡೂ ಆ್ಯಪ್. ಈಗ 'ನೀರು ಕುಡಿಯಿರಿ' ಅನ್ನಾಕತ್ತೈತಿ.

ಅಮರಪ್ಪ: ನನಗ ಹೇಳಾಕ ಬರ್ತೈತಿ. 5ಎ ಕಾಲುವಿ ಮಾಡ್ರಿ ಅಂತ ಮ್ಯಾಲಿನವರಿಗೆ ನೆನಪ ಮಾಡಾಕ ಬರ್ತೈತೇನು? ಪಾಮನಕಲ್ಲೂರಾಗ ರೈತರು ಧರಣಿ ಕುಂತು ಕೇಳಿದ್ರಲ್ಲ.

ಮೌನೇಶ: ಯಾವಾಗ ಬಿತ್ತಬೇಕು, ಯಾವಾಗ ಎಡಿ ಹೊಡೀಬೇಕು ಎಲ್ಲಾ ಬರದಿಡು. ಹೊತ್ತಿಗೆ ಸರಿಯಾಗಿ ಎಚ್ಚರಸ್ತೈತಿ.

ಅಮರಪ್ಪ: ನಮ್ಮೂರ ಘನಮಠದ ಶಿವಯೋಗಿಗಳು 19ನೇ ಶತಮಾನದಾಗ 'ಕೃಷಿ ಜ್ಞಾನ ಪ್ರದೀಪಿಕೆ' ಬರದಾರ. ಒಕ್ಕಲುತನದ್ದ ದೊಡ್ಡ ಹೊತ್ತಿಗಿ. ಅದಕ್ಕ ಚಾರ್ಜ್ ಬ್ಯಾಡ, ನೆಟ್‌ವರ್ಕ್ ಬ್ಯಾಡ.

ಮೌನೇಶ: ನೀ ಓದೀಯೇನು?

ಅಮರಪ್ಪ: ಗೂಡಿನಾಗ ಐತಿ.

ಮೌನೇಶ: ಅಂದ್ರ ನನ್ನ ಇಂಗ್ಲಿಷ್ ಕಲಿಯೂ ಆ್ಯಪ್ ಇದ್ದಂಗ. ಡೌನ್‌ಲೋಡ್ ಆಗೈತಿ, ತೆಗೆದು ನೋಡಿಲ್ಲ. ಆತು, ಇನ್ನೊಂದು ಸರ್ಕಾರದ್ದೈತಿ, ಬೆಳೆ ಸಮೀಕ್ಷೆ ಆ್ಯಪ್. 2020ರ ಮುಂಗಾರಿನಿಂದ ರೈತರು ತಮ್ಮ ಹೊಲದ ಬೆಳಿ ಫೋಟೋ ತಾವ ಹಾಕಾಕ ಬರ್ತೈತಿ... ಅಯ್ಯ, ಇಳೀವಲ್ದು. ಫೋನಿನಾಗ ಜಾಗ ಇಲ್ಲಂತ. ಏನ್ ತುಂಬೀ ಇದರಾಗ?

ಅಮರಪ್ಪ: ನಾ ಏನೂ ತುಂಬಿಲ್ಲ. ಬೀಗರು ದಿನಾ ಮುಂಜಾನೆ 'ಶುಭೋದಯ' ಕಳಸ್ತಾರ. ದೇವರ ಫೋಟೋ ಇರ್ತಾವು, ಹೆಂಗ ಅಳಸೂದು? ನೀ ಆ ಸಮೀಕ್ಷೆ ಬಿಡು. ಕ್ಯಾಲೆಂಡರಿನಾಗ ತೊಗರಿ ಚಿತ್ರ ಐತಿ, ಅದನ್ನ ಹೊಡದು ಕಳಿಸು.

ಮೌನೇಶ: ನಡಿಯಂಗಿಲ್ಲ. ಸರ್ವೆ ನಂಬರಿನ ಗಡಿಯೊಳಗ ನಿಂತ ಹೊಡೀಬೇಕು. ಜಿಪಿಎಸ್ ನೋಡ್ತೈತಿ.

ಅಮರಪ್ಪ: ನಾ ಹಾಕದಿದ್ರ?

ಮೌನೇಶ: ಖಾಸಗಿ ನಿವಾಸಿ ಅಂತ ಹುಡುಗ್ರನ್ನ ನೇಮಿಸಿರ್ತಾರ, ಅವ್ರು ಹಾಕ್ತಾರ. ಅದ ಪಹಣಿಗೆ ಏರ್ತೈತಿ. ಬೆಳೆವಿಮಾ, ಬರ ಪರಿಹಾರ, ಬೆಂಬಲ ಬೆಲಿ, ಎಲ್ಲಾದಕ್ಕೂ ಅದನ್ನ ನೋಡ್ತಾರ.

ಶಾಂತವ್ವ: ಅದಕ್ಕ ಹೋದ ವರ್ಷ ನಮ್ಮ ತೊಗರಿ ಪಹಣ್ಯಾಗ ಹತ್ತಿ ಆಗಿತ್ತು! ಖರೀದಿ ಕೇಂದ್ರದಿಂದ ಚೀಲ ಹೊಳ್ಳಿ ತಂದ್ವಿ.

ಅಮರಪ್ಪ: ಆ ಹುಡುಗ ಫಿಲ್ಟರ್ ಹಾಕಿರ್ಬೇಕಲೇ!

ಮೌನೇಶ: ತಪ್ಪು ಬಿದ್ರ 'ಬೆಳೆ ದರ್ಶಕ' ಆ್ಯಪಿನಾಗ ನೋಡಿ ತಕರಾರು ಹಾಕಾಕ ಬರ್ತಿತ್ತು. ನೋಡಿದ್ದೇನು?

ಅಮರಪ್ಪ: ಆವಾಗ ನನ್ನ ಹತ್ರ ಬಟನ್ ಫೋನಿತ್ತು. ಅದರಾಗ ದರ್ಶನ ಕೊಡೂದು ಬ್ಯಾಟರಿ ಒಂದ.

ಶಾಂತವ್ವ: ಮೌನೇಶ, ನಾ ಹೇಳಿದಂಗ ಅಳಸು. ಆ ಸಾಲಗಾರ ಹಾಡಿನ ಆ್ಯಪ್ ತೆಗಿ. ನೀರು ಕುಡಿ ಅನ್ನೂದು ತೆಗಿ, ಅದನ್ನ ನಾನ ಹೇಳ್ತೀನಿ. ಶುಭೋದಯ ಅಷ್ಟೂ ತೆಗಿ. ದೇವರು ಗುಡಿಯಾಗ ಅದಾನ, ಸಿಟ್ಟಾಗಂಗಿಲ್ಲ.

ಅಮರಪ್ಪ: ನನ್ನ ಫೋಟೋ?

ಶಾಂತವ್ವ: ಅದೊಂದಿರ್ಲಿ ಬಿಡ್ರಿ. ಮನಿಯಾಗ ಒಬ್ನರ ಚಂದ ಇರ್ಲಿ.

ಮೌನೇಶ: ಇಳೀತು ದೊಡ್ಡವ್ವ! ಆಧಾರ್ ನಂಬರ್ ಕೇಳ್ತೈತಿ.

ಶಾಂತವ್ವ: ಕಾರ್ಡ್ ತರ್ತೀನಿ, ಮೊದ್ಲು ಇಬ್ರೂ ಕೇಳ್ರಿ. ಊರಾಗೂ ಹೇಳ್ರಿ. ಮಾರಿ ಫೋಟೋ ಇವತ್ತಿಲ್ಲ ನಾಳೆ ಹೊಡೀಬಹುದು. ಬೆಳಿ ಫೋಟೋ ಮಾತ್ರ ಹಂಗಾಮು ಮುಗಿಯೂದ್ರೊಳಗ ಹೊಲದಾಗ ನಿಂತು ನಿಮ್ಮ ಕೈಯಾರೆ ಹೊಡೀರಿ. ಇಲ್ಲಾಂದ್ರ ಬಿತ್ತಿದ್ದು ನೀವು, ಬರಸಿದ್ದು ಬ್ಯಾರೆಯವರು ಅಂದಂಗಾಕ್ಕೈತಿ.