ಡುಮ್ಕಿ ಮಾಮ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ದಾವಣಗೆರೆಯ ಓಣಿಗಳಲ್ಲಿ ಎರಡು ಬಗೆಯ ಜನ ಚುರುಕಾಗುತ್ತಾರೆ. ಮೊದಲನೆಯವರು ಪಕ್ಕದ ಮನೆಯವರು. ಫಲಿತಾಂಶ ನೋಡಲು ರಿಜಿಸ್ಟರ್ ನಂಬರಿನ ಜೊತೆ ಹುಟ್ಟಿದ ತಾರೀಖೂ ಬೇಕೆಂದು ತಿಳಿದಾಗಿನಿಂದ, ಹುಡುಗನ ಬರ್ತ್‌ಡೇ ಯಾವಾಗ ಎಂದು ಅಕ್ಕರೆಯಿಂದ ವಿಚಾರಿಸುತ್ತಾರೆ. ಎರಡನೆಯವನು ಡುಮ್ಕಿ ಮಾಮ.

ಪ್ರತಿ ಬಳಗಕ್ಕೂ ಇಂಥವನೊಬ್ಬ ಇದ್ದೇ ಇರುತ್ತಾನೆ. ನಮ್ಮವನು ಹರಿಹರದವನು. ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇಥ್ ಕಟ್ಟಿದ ಕೈ. 1941ರಲ್ಲಿ ಶುರುವಾದ ಆ ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ದಾಟಿದರೂ ಮಾಮನ ಜೇಬಿನಿಂದ ಸ್ಟೀಲ್ ಸ್ಕೇಲು ಇಳಿದಿಲ್ಲ. ಮದುವೆ, ಮುಂಜಿಗೆ ಕರೆದರೆ ಮೊಣಕಾಲು ನೋವು ಅನ್ನುವವನು, ಯಾರದೋ ಮಗ ಗಣಿತದಲ್ಲಿ ಡುಮ್ಕಿ ಹೊಡೆದನೆಂದು ತಿಳಿದರೆ ಸಿಕ್ಕ ಬಸ್ಸು ಹತ್ತಿ ಬಂದುಬಿಡುತ್ತಾನೆ.

ಅವನು ಬರುವ ಹೊತ್ತಿಗೆ ಮನೆಯಲ್ಲಿ ಅಪ್ಪ ಗುಡುಗುತ್ತಿರುತ್ತಾನೆ, ಅಮ್ಮ ಮೂಗು ಒರೆಸುತ್ತಿರುತ್ತಾಳೆ, ಹುಡುಗ ಮಹಡಿ ಮೇಲಿರುತ್ತಾನೆ. 'ನೀನಾದ್ರೂ ನಾಕು ಬಿಗಿ' ಎಂದು ಅಪ್ಪನ ಬೇಡಿಕೆ. ಮಾಮನ ಚಿಕಿತ್ಸಾಕ್ರಮವೇ ಬೇರೆ. ಮೊದಲು ಹುಡುಗನನ್ನು ಕರೆದುಕೊಂಡು ಬೆಣ್ಣೆದೋಸೆಗೆ ಹೊರಡುತ್ತಾನೆ. 'ಖಾಲಿ ಹೊಟ್ಟೇಲಿ ಬೈಸ್ಕೋಬಾರ್ದಲೇ.' ಬಿಲ್ಲು ಅಪ್ಪನದು.

ಮಾರ್ಕ್ಸ್ ಕಾರ್ಡನ್ನು ಮಾಮ ಮುಟ್ಟುವುದಿಲ್ಲ. ಉತ್ತರ ಪತ್ರಿಕೆಯ ಪ್ರತಿಗೆ ಅರ್ಜಿ ಹಾಕಿಸುತ್ತಾನೆ. ಅದು ಕೈಗೆ ಬಂದ ಮೇಲೆ ಗಿರಾಕಿ ವಾಪಸ್ ಕಳಿಸಿದ ಲೇಥನ್ನು ನೋಡುವಂತೆ ಒಂದೊಂದೇ ಹಾಳೆಯನ್ನು ನೋಡಿ ತೀರ್ಪು ಕೊಡುತ್ತಾನೆ: 'ಮಷಿನ್ ಚಲೋ ಐತೆ. ಐದನೇ ಕ್ಲಾಸಿನಾಗೆ ಒಂದು ನಟ್ಟು ಸಡ್ಲ ಆಗೈತೆ.' ಆ ನಟ್ಟು ಭಿನ್ನರಾಶಿ. ಹುಡುಗ ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಐದನೇ ಎರಡು ಎಂದು ಬರೆದಿದ್ದಾನೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆದದ್ದು ಹೇಗೆ ಎಂದು ಮಾಮ ಹಾಳೆಯನ್ನು ಅಪ್ಪನ ಮುಂದೆ ಹಿಡಿಯುತ್ತಾನೆ. ಮಂಡಿಪೇಟೆಯಲ್ಲಿ ಪೈಸೆ ಪೈಸೆ ಎಣಿಸುವ ಅಪ್ಪ ಬಹಳ ಹೊತ್ತು ನೋಡಿ, 'ಸರಿಯಾಗೇ ಐತಲ್ಲ?' ಅನ್ನುತ್ತಾನೆ. ಅಂದು ಸಂಜೆಯಿಂದ ಪಾಠಕ್ಕೆ ಇಬ್ಬರು.

ಹತ್ತನೇ ಪುಸ್ತಕ ಕೆಲವು ದಿನ ಕಪಾಟಿನಲ್ಲೇ. ಸ್ಟೀಲ್ ಸ್ಕೇಲಿನ ಮೇಲೆ ಅರ್ಧ, ಕಾಲು, ಅರೆಕಾಲು ಗೆರೆ ಎಣಿಸುವುದೇ ಕೆಲಸ. ಅದು ಕೂತ ಮೇಲೆ ನಕ್ಷೆಯ ಲೆಕ್ಕ, ಥೇಲ್ಸನ ಪ್ರಮೇಯ. 'ಪೂರ್ತಿ ಬರದಿದ್ರೆ ಚಿತ್ರ ಬಿಡಿಸು, ದತ್ತ ಬರಿ. ಹಂತಕ್ಕೆ ಮಾರ್ಕ್ಸ್ ಅದಾವು. ಖಾಲಿ ಹಾಳೆಗೆ ಹರಿನೂ ಹಾಕಂಗಿಲ್ಲ, ಹರನೂ ಹಾಕಂಗಿಲ್ಲ, ಇಬ್ರೂ ಒಂದೇ ಮೈಯಾಗೆ ನಿಂತ ನಮ್ಮೂರ ದೇವ್ರೂ ಹಾಕಂಗಿಲ್ಲ.' ಇಂಗ್ಲಿಷಿನಲ್ಲಿ ಅನುಮಾನ ಕೇಳಿದರೆ ಮಾತ್ರ ಅವನಿಗೆ ಹರಿಹರದ ಕೊನೆ ಬಸ್ಸು ನೆನಪಾಗುತ್ತದೆ.

2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಆದಾಗ ಅವನಿಗೆ ಬಲು ಹಿಗ್ಗಾಗಿತ್ತು. ಪೂರಕ ಪರೀಕ್ಷೆ ಎನ್ನುವಾಗ ದನಿ ತಗ್ಗಿಸುತ್ತಿದ್ದ ಮನೆಯವರು ಈಗ 'ಪರೀಕ್ಷೆ-2ಕ್ಕೆ ಕೂಡ್ತಾನೆ' ಎಂದು ಬೀದಿಗೆ ಕೇಳುವಂತೆ ಹೇಳುತ್ತಾರೆ. ಮೊದಲನೆಯದರಲ್ಲಿ ಏನಾಯಿತು ಎಂದು ಪಕ್ಕದ ಮನೆಯವರು ಕೇಳುವಷ್ಟರಲ್ಲಿ ಗೇಟು ಹಾಕಿರುತ್ತದೆ.

ಹುಡುಗನಿಗೆ ಗಣಿತದಲ್ಲಿ 38 ಬಂತು. ಅಪ್ಪ ಪೇಡ ಹಂಚಿದ, ಅಮ್ಮ ದುಗ್ಗಮ್ಮನಿಗೆ ಉಡಿ ತುಂಬಿದಳು. ವರ್ಷವಿಡೀ ಹುಡುಗನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ ಫೀಸು ಎಣಿಸಿಕೊಂಡ ಟ್ಯೂಷನ್ನಿನವರೂ ಸುಮ್ಮನಿರಲಿಲ್ಲ. ಸರ್ಕಲ್ಲಿನಲ್ಲಿ ಕಟ್ಟಿದ ಫ್ಲೆಕ್ಸಿನ ಕೊನೆ ಸಾಲಿನಲ್ಲಿ ಅವನ ಫೋಟೋ, ಕೆಳಗೆ ದಪ್ಪಕ್ಷರದಲ್ಲಿ 'ಗಣಿತ: 83'. ಮಾಮ ಬಸ್ಸಿನಿಂದ ಅರ್ಧಕ್ಕೇ ಇಳಿದು, ಕನ್ನಡಕ ಒರೆಸಿಕೊಂಡು, ಅಲ್ಲಿದ್ದ ನಂಬರಿಗೆ ಫೋನು ಹಚ್ಚಿದ: 'ನಿಮ್ಮ ಫ್ಲೆಕ್ಸ್ ಬರೆಯೋನಿಗೆ ಬಿಡಿ ಯಾವುದು, ಹತ್ತು ಯಾವುದು ಗೊತ್ತಿಲ್ಲ. ಸಂಜೆ ಆರಕ್ಕೆ ಕಳಿಸ್ರಿ. ಬರುವಾಗ ಎರಡು ಬೆಣ್ಣೆದೋಸೆ ಕಟ್ಟಿಸ್ಕೊಂಡು ಬರ್ಲಿ.'