ಏಳು ಸಹಿ, ಎರಡು ತಲೆ

ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ಸಂಘ ಕಟ್ಟಲು ಏಳು ಜನ ಸಾಕು. ಬೆಂಗಳೂರಿನ ನಮ್ಮ ಅಡ್ಡರಸ್ತೆಯಲ್ಲಿ ಏಳು ಸಹಿ ಹತ್ತೇ ನಿಮಿಷಕ್ಕೆ ಬಿದ್ದವು. ಅಂದು ಮೂಲೆಮನೆ ಮೇಷ್ಟ್ರು ಬಿಸಿಬಿಸಿ ಬೋಂಡ ಮಾಡಿಸಿದ್ದರು. ಅರ್ಜಿಯ ಮೂಲೆಯಲ್ಲಿ ಎಣ್ಣೆಯ ಹೆಬ್ಬೆಟ್ಟು ಈಗಲೂ ಇದೆ.

ಎರಡು ಬೈಕಿನ ಪೆಟ್ರೋಲು ಕಳುವಾದ ಮೇಲೆ ರಾತ್ರಿ ಗಸ್ತಿನ ತೀರ್ಮಾನವಾಯಿತು. ಬಂದವರು ಇಬ್ಬರೇ: ಮೇಷ್ಟ್ರು ಮತ್ತು ನಾನು. ಉಳಿದವರಿಗೆ ಬಿ.ಪಿ., ಬೆಳಗಿನ ಶಿಫ್ಟು, ಅತ್ತೆ. ಮೇಷ್ಟ್ರ ತಲೆಗೆ ಮಂಕಿಕ್ಯಾಪು, ಕೈಯಲ್ಲಿ ಪೀಪಿ. ನನ್ನ ಟಾರ್ಚು ಎರಡು ಸಲ ತಟ್ಟಿದರೆ ಹತ್ತುತ್ತದೆ, ಮೂರನೇದಕ್ಕೆ ಆರುತ್ತದೆ.

ಕಳ್ಳರು ಬರಲಿಲ್ಲ, ನಾಯಿಗಳು ಬಂದವು. ಹಗಲೆಲ್ಲ ಬಿಸ್ಕತ್ತು ಹಾಕುವ ಮೇಷ್ಟ್ರ ಗುರುತು ಮಂಕಿಕ್ಯಾಪಿನಲ್ಲಿ ಅವಕ್ಕೆ ಹತ್ತಲಿಲ್ಲ. ಅವು ಬೊಗಳಿದ್ದಕ್ಕೆ ಮೇಷ್ಟ್ರು ಪೀಪಿ ಊದಿದರು. ಪೀಪಿಗೆ ಎದುರುಮನೆ ಅಜ್ಜಿ ಎದ್ದು 112ಕ್ಕೆ ಫೋನು ಹಚ್ಚಿದರು. ನಮ್ಮದೇ ನೋಟೀಸಿನಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದ ನಂಬರು!

ಪೊಲೀಸರು ಬೇಗನೇ ಬಂದರು, ಅದನ್ನು ಒಪ್ಪಲೇಬೇಕು.

"ಇಷ್ಟೊತ್ತಲ್ಲಿ ಇಲ್ಲೇನ್ರೀ ಕೆಲ್ಸ?"

"ಭದ್ರತೆ, ಸಾರ್" ಎಂದರು ಮೇಷ್ಟ್ರು.

ಪೇದೆ ಕಂಬ ನೋಡಿದರು. "ಮೊದ್ಲು ಆ ಬೀದಿದೀಪ ರಿಪೇರಿ ಮಾಡಿಸ್ರಿ. ಈ ಕತ್ಲಲ್ಲಿ ಕಳ್ಳ ಯಾರು, ಅಧ್ಯಕ್ಷ ಯಾರು ಅಂತ ಹೇಗ್ರೀ ಗೊತ್ತಾಗ್ಬೇಕು?"

ಮರುದಿನ ಕಂಬದ ನಂಬರು ಬರೆದು ದೂರು ಕೊಟ್ಟೆವು. ನಾಲ್ಕನೇ ದಿನ ದೀಪ ಹತ್ತಿತು. ಈಗ ಅಜ್ಜಿಗೆ ಆ ಬೆಳಕಿಗೆ ನಿದ್ದೆ ಬರುತ್ತಿಲ್ಲವಂತೆ. ಅದನ್ನು ಚರ್ಚಿಸಲು ಭಾನುವಾರ ಸಭೆ. ಏಳೂ ಜನ ಬರುತ್ತಾರೆ. ಈ ಸಲ ಮೇಷ್ಟ್ರ ಮನೇಲಿ ಮದ್ದೂರು ವಡೆ.